ಮೂರನೇ ಮಹಡಿಯ ಪ್ರೊಜೆಕ್ಟರ್, ಮಾವನವರ ಕುರ್ಚಿ

ಗೆಳೆಯರೇ, ನಮ್ಮ ಜಯನಗರದಲ್ಲಿ ಮನೆಯೊಳಗೆ ಪ್ರೊಜೆಕ್ಟರ್ ಇಟ್ಟ ಮೊದಲ ಗಂಡು ನಾನೇ. ಮನೆ ಮೂರನೇ ಮಹಡಿಯಲ್ಲಿದೆ, ಎತ್ತರ ಎತ್ತರವೇ ಅಲ್ಲವೇ ಎಂದು ಅದರ ಫ್ಯಾನನ್ನು ಜೋರಾಗಿ ತಿರುಗಿಸುವ 'ಹೈ ಆಲ್ಟಿಟ್ಯೂಡ್' ಸೆಟ್ಟಿಂಗ್ ಆನ್ ಮಾಡಿಟ್ಟಿದ್ದೆ. ಇವತ್ತು ಮಧ್ಯಾಹ್ನ ನಮ್ಮ ಮದುವೆಯ ವಿಡಿಯೋ ಹಾಕಿದರೆ, ಒಳಗಿನ ಫ್ಯಾನು ವಯಸ್ಸಾದವರು ಏದುಸಿರು ಬಿಟ್ಟಂತೆ ಸದ್ದು ಮಾಡಿತು.

"ರೀ, ಅದು ಬೆಟ್ಟದ ಮೇಲಿರೋರಿಗೆ ಕಣ್ರೀ, ಮಹಡಿಗಲ್ಲ! ಅಪ್ಪನ ಮಾತೇ ಕೇಳಿಸ್ತಿಲ್ಲ," ಎಂದು ಹೆಂಡತಿ ಕಣ್ಣೊರೆಸಿಕೊಂಡಳು. ತೀರಿಕೊಂಡ ಮಾವನವರ ದನಿ ಉಳಿದಿರುವುದು ಆ ವಿಡಿಯೋದಲ್ಲಿ ಮಾತ್ರ.

ಗಾಬರಿಯಲ್ಲಿ ಪ್ರೊಜೆಕ್ಟರನ್ನೇ ಆಫ್ ಮಾಡಿದೆ. ಫ್ಯಾನು ಮೆಲ್ಲಗೆ ನಿಂತಿತು. ಏದುಸಿರು ನಿಲ್ಲಲಿಲ್ಲ. ಅದು ಮಾವನವರು ಇದ್ದಾಗ ಕೂರುತ್ತಿದ್ದ, ಈಗ ಖಾಲಿಯಿರುವ ಕುರ್ಚಿಯಿಂದ ಬರುತ್ತಿತ್ತು.

"ಅಪ್ಪಾ?" ಎಂದಳು. ತಟ್ಟನೆ ನಿಶ್ಶಬ್ದ.

ನನ್ನ ಥಿಯೇಟರಿಗೆ ಎಲ್ಲೆಲ್ಲಿಂದ ಬರುತ್ತಾರೆ ನೋಡಿ! ನೀವೂ ಬನ್ನಿ, ಆ ಕುರ್ಚಿಯೊಂದನ್ನು ಬಿಟ್ಟು ಎಲ್ಲಿ ಬೇಕಾದರೂ ಕೂತುಕೊಳ್ಳಿ.