ಚಿಕ್ಕಬೀರಯ್ಯನವರ ಜರ್ಮನ್ ಸ್ಯಾಂಪಲ್
ತುಮಕೂರಿನ ಗುಬ್ಬಿ ಗೇಟ್ ಬಳಿ ಪಂಪಿನ ವಾಲ್ವ್ ತಯಾರಿಸುವ ಚಿಕ್ಕಬೀರಯ್ಯನವರು ತಮ್ಮನ್ನು ‘ಇಂಡಸ್ಟ್ರಿಯಲಿಸ್ಟ್’ ಎಂದೇ ಪರಿಚಯಿಸಿಕೊಳ್ಳುತ್ತಾರೆ; ವಾಲ್ವ್ ಕೊಳ್ಳುವ ಕಂಪನಿಯ ಇನ್‌ಸ್ಪೆಕ್ಟರು ಬರುವ ದಿನ ಮಾತ್ರ ಗೇಟಿಗೇ ಓಡಿ ಅವರ ಬ್ಯಾಗನ್ನು ತಾವೇ ಹೊತ್ತು ತರುತ್ತಾರೆ. ಗುಜರಿಯಲ್ಲಿ ಸಿಕ್ಕ ಜರ್ಮನ್ ವಾಲ್ವೊಂದನ್ನು ದೇವರ ಪಟದ ಕೆಳಗಿಟ್ಟು ದಿನಕ್ಕೆ ಹತ್ತು ಸಲ ಅಳೆಯುತ್ತಾರೆ. ‘ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗ್ಬಾರ್ದು ಕಣೋ!’ ಎಂದು ಕೆಲಸದ ಹುಡುಗರಿಗೆ ಗದರುತ್ತಾರೆ. ಆ ಸ್ಯಾಂಪಲ್ಲು ದುಡಿದು ದುಡಿದು ಒಂದು ಪಕ್ಕ ಸವೆದದ್ದು. ಹಾಗಾಗಿ ಅದರ ಅಳತೆಗೇ ಮಾಡಿದ ಇವರ ಹೊಸ ವಾಲ್ವ್‌ಗಳೆಲ್ಲ ಹುಟ್ಟುತ್ತಲೇ ಸವೆದಿರುತ್ತವೆ, ಸೋರುತ್ತವೆ. ಕಂಪನಿಗೆ ಕಳಿಸಿದ ಎರಡು ಲಾಟು ಸರಕು ವಾಪಸ್ಸಾಗಿವೆ. ಮೂರನೆಯದೂ ಬಂದರೆ ಆರ್ಡರೇ ಹೋದಂತೆ. ‘ಯಜಮಾನ್ರೇ, ಚೇಳೂರು ತೋಟದ ಪಂಪಿಗೆ ನೀವೇ ತಲೆ ಓಡ್ಸಿ ಮಾಡಿದ್ ವಾಲ್ವು ಮೂರು ವರ್ಷದಿಂದ ಒಂದ್ ಹನಿ ಸೋರಿಲ್ಲ, ಇನ್‌ಸ್ಪೆಕ್ಟರಿಗೆ ಅದ್ನೇ ತೋರ್ಸಿ’ ಎಂದು ಮೇಸ್ತ್ರಿ ಜುಂಜಪ್ಪ ಅಂದರೆ ಸಾಕು, ಚಿಕ್ಕಬೀರಯ್ಯನವರು ಬಾಗಿಲತ್ತ ನೋಡಿ ದನಿ ತಗ್ಗಿಸುತ್ತಾರೆ: ‘ಸುಮ್ನಿರ್ಲಾ! ಅದ್ರ ಸ್ಯಾಂಪಲ್ ಎಲ್ಲೈತೆ ಅಂತ ಅವ್ರು ಕೇಳಿದ್ರೆ ಏನ್ ತೋರ್ಸ್ಲಿ?’