ಬಾಯಲ್ಲಿ ಮೊಳೆ, ಕುರ್ಚಿಗೆ ತಲೆದಿಂಬು

ಊರಿನ ಅರ್ಧ ಜನರ ಕುಂಡಿಯ ಅಳತೆ ನಮ್ಮ ಚಿಕ್ಕಮ್ಮನಿಗೆ ಬಾಯಿಪಾಠ. ತಪ್ಪು ತಿಳಿಯಬೇಡಿ, ಅವಳ ಕಸುಬೇ ಅದು. ಕುರ್ಚಿ, ಸೋಫಾ, ಹಲ್ಲಿನ ಡಾಕ್ಟರ ಆಸನ, ನಾಟಕ ಕಂಪನಿಯ ಸಿಂಹಾಸನ, ಯಾವುದನ್ನು ತಂದು ಹಾಕಿದರೂ ಹಳೆ ಬಟ್ಟೆ ಕಿತ್ತು, ಸ್ಪ್ರಿಂಗು ಬಿಗಿದು, ನಾರು ತುಂಬಿ, ಮೇಲೆ ರೆಕ್ಸಿನ್ ಎಳೆದು ಮೊಳೆ ಹೊಡೆದು ಕೊಡುತ್ತಾಳೆ. "ಜನ ಮುಖ ನೋಡಿ ಮಣೆ ಹಾಕ್ತಾರೆ. ನಾನು ಬೇರೆ ಕಡೆ ನೋಡಿ ಹಾಕ್ತೀನಿ, ಅಷ್ಟೇ ವ್ಯತ್ಯಾಸ" ಎನ್ನುತ್ತಾಳೆ. ಸಿಂಹಾಸನದ ರಾಜನೂ ಹಲ್ಲುನೋವಿನ ಗುಮಾಸ್ತನೂ ಅವಳ ಲೆಕ್ಕದಲ್ಲಿ ಇಷ್ಟಿಷ್ಟು ಅಂಗುಲ, ಅದಕ್ಕಿಂತ ಹೆಚ್ಚಿಲ್ಲ.

ಕೆಲಸ ಕಲಿಸಿದ್ದು ಚಿಕ್ಕಪ್ಪ. ಆ ಪುಣ್ಯಾತ್ಮ ಹೋಗುವಾಗ ಬಿಟ್ಟುಹೋದದ್ದು ಒಂದು ಸುತ್ತಿಗೆ, ಒಂದು ದಬ್ಬಣ, ಮತ್ತು ಮೊಳೆಗಳನ್ನು ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸ. ಆ ಕಸುಬಿನವರು ಬಹಳಷ್ಟು ಮಂದಿ ಹಾಗೆಯೇ ಮಾಡುತ್ತಾರೆ. ಒಂದು ಹಿಡಿ ಪುಟ್ಟ ಮೊಳೆ ಬಾಯಿಗೆ ಸುರಿದುಕೊಂಡರೆ ನಾಲಿಗೆಯೇ ಒಂದೊಂದಾಗಿ ತಿರುಗಿಸಿ ತುಟಿಗೆ ತಂದು ನಿಲ್ಲಿಸುತ್ತದೆ. ಎಡಗೈ ಬಟ್ಟೆ ಎಳೆದು ಹಿಡಿದಿರುತ್ತದೆ, ಬಲಗೈ ಮೊಳೆ ತೆಗೆದಿಟ್ಟು ಸುತ್ತಿಗೆ ಬೀಸುತ್ತದೆ. ಕೆಲಸ ಬೇಗ ಸಾಗುತ್ತದೆ, ಆದರೆ ಮಾತಾಡುವಂತಿಲ್ಲ. ಬಾಯಿ ಬಿಟ್ಟರೆ ಮೊಳೆಯೆಲ್ಲ ನೆಲದ ಪಾಲು. ಉಸಿರೆಳೆದುಕೊಂಡರೆ ಇನ್ನೂ ಕೆಟ್ಟ ಜಾಗದ ಪಾಲು.

ಈ ಸಂಗತಿಯನ್ನು ಚೆನ್ನಾಗಿ ಬಲ್ಲವಳು ನಮ್ಮ ದೊಡ್ಡಮ್ಮ. ಅವಳು ಚಿಕ್ಕಮ್ಮನ ವಾರಗಿತ್ತಿ, ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಎರಡು ಜಡೆ ಒಂದೆಡೆ ಸೇರುವುದಿಲ್ಲ ಎಂದು ಗಾದೆ ಮಾಡಿದವನು ನಮ್ಮ ಮನೆಯಲ್ಲಿ ಒಂದು ವಾರ ಊಟ ಮಾಡಿಕೊಂಡಿದ್ದಿರಬೇಕು. ಇಬ್ಬರ ಗಂಡಂದಿರೂ ಮಿತಭಾಷಿಗಳು ಎಂದು ಊರಲ್ಲಿ ಹೆಸರಾಗಿದ್ದರು. ನನ್ನನ್ನು ಕೇಳಿದರೆ, ಇಬ್ಬರಿಗೂ ಮಾತಾಡಲು ಸಂದಿಯೇ ಸಿಗಲಿಲ್ಲ. ಒಬ್ಬರ ಹಿಂದೊಬ್ಬರು ತೆಪ್ಪಗೆ ಹೊರಟುಹೋದರು. ಮನೆಯಲ್ಲಿ ಉಳಿದದ್ದು ಈ ಇಬ್ಬರು, ಮತ್ತು ಮಹಡಿಯ ಕೋಣೆಯಲ್ಲಿ ನಾನು. ನನ್ನದು ಛಾಪಖಾನೆಯಲ್ಲಿ ಸಂಜೆ ಪಾಳಿ. ಹಗಲೆಲ್ಲ ಮನೆಯಲ್ಲೇ ಬಿದ್ದಿರುತ್ತಿದ್ದುದರಿಂದ ಇಬ್ಬರಿಗೂ ಸಾಕ್ಷಿಯಾಗುವ ಯೋಗ ನನ್ನದು.

ದೊಡ್ಡಮ್ಮ ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಡುತ್ತಿದ್ದವಳು. ಕೈ ಮಾತ್ರ ತೂರುವ ಕಿಂಡಿಯ ಹಿಂದೆ ಕೂತು ಕೂತು, ಬರೀ ಕೈ ನೋಡಿಯೇ ಮನುಷ್ಯನ ಜಾತಕ ಹೇಳುವಷ್ಟು ಪಳಗಿದ್ದಳು. "ಉಗುರು ಕಚ್ಚೋನೇ, ಮನೇಲಿ ಹೇಳಿ ಬಂದಿದ್ದೀಯಾ?" ಎಂದು ಕಿಂಡಿಯೊಳಗಿಂದ ಗದರಿದರೆ ಕೈ ಹಿಂದಕ್ಕೆ ಹೋಗುತ್ತಿತ್ತಂತೆ. ಕೆಲಸ ಬಿಟ್ಟ ಮೇಲೆ ಕಿಂಡಿಯಿಲ್ಲದೆ ಇಡೀ ಮನುಷ್ಯರೇ ಬೈಯಲು ಸಿಕ್ಕರು. ಅದಕ್ಕಾಗಿ ಮೂರು ಕಡೆ ಕುರ್ಚಿ ಹಾಕಿಸಿಕೊಂಡಿದ್ದಳು. ಬೆಳಿಗ್ಗೆ ಬಾಗಿಲ ಬಳಿ ಕೂತು ಬೀದಿಯವರನ್ನು, ಮಧ್ಯಾಹ್ನ ಮುಂದಿನ ಕೋಣೆಯ ಕಾರ್ಖಾನೆಯಲ್ಲಿ ಕೂತು ಚಿಕ್ಕಮ್ಮನನ್ನು, ಸಂಜೆ ಅಡುಗೆಮನೆಯಲ್ಲಿ ಕೂತು ಪಾತ್ರೆಗಳನ್ನು ಬೈಯುತ್ತಿದ್ದಳು.

ಅವಳ ಜಾಣತನ ಇದ್ದದ್ದು ಮಧ್ಯಾಹ್ನದ ಪಾಳಿಯಲ್ಲಿ. ಚಿಕ್ಕಮ್ಮನ ಬಾಯಿ ಖಾಲಿ ಇರುವ ತನಕ ಬೆಕ್ಕಿನಂತೆ ಸುಮ್ಮನೆ ಕಾದಿರುತ್ತಿದ್ದಳು. ಕೊನೆಯ ಮೊಳೆ ಬಾಯೊಳಗೆ ಹೋದದ್ದೇ ಶುರು. "ಆ ಮೂಲೆ ಎಳೆದದ್ದು ಸಾಲದು. ನಿನ್ನ ಗಂಡ ಬದುಕಿದ್ರೆ ಇದನ್ನ ನೋಡಿ ಸಾಯ್ತಿದ್ದ." ಚಿಕ್ಕಮ್ಮ ಕಣ್ಣು ಕೆಕ್ಕರಿಸಿ ಸುತ್ತಿಗೆಯಿಂದಲೇ ಉತ್ತರ ಕೊಡುತ್ತಿದ್ದಳು. ಮೊಳೆ ಮುಗಿದು ಬಾಯಿ ತೆರವಾಗುವಷ್ಟರಲ್ಲಿ ದೊಡ್ಡಮ್ಮ ಎದ್ದು ಒಳಗೆ ಹೋಗಿಬಿಟ್ಟಿರುತ್ತಿದ್ದಳು. ಹೀಗಾಗಿ ಎಷ್ಟು ವರ್ಷ ಜಗಳವಾಡಿದರೂ ಕೊನೇ ಮಾತು ದೊಡ್ಡಮ್ಮನದೇ. ಚಿಕ್ಕಮ್ಮನ ಜೀವನದ ಒಂದೇ ಆಸೆ ಅಂದರೆ, ಒಂದು ಸಲ, ಒಂದೇ ಒಂದು ಸಲ, ಕೊನೇ ಮಾತು ತನ್ನದಾಗಬೇಕು.

ಹೀಗಿರುವಾಗ ದೊಡ್ಡಮ್ಮನ ಕತ್ತು ಕೈಕೊಟ್ಟಿತು. ಕತ್ತಿನ ನರಗಳು ಸೋತು ತಲೆ ಎದೆಯ ಮೇಲೆ ಜೋತುಬೀಳಲು ಶುರುವಾಯಿತು. ಡಾಕ್ಟರು ನೋಡಿ, ಇದು ರಿಪೇರಿಯಾಗುವಂಥದ್ದಲ್ಲ, ಮಲಗಿಸಿಬಿಡಿ ಎಂದರು. ದೊಡ್ಡಮ್ಮ ಒಪ್ಪಲಿಲ್ಲ. "ಹಾಸಿಗೆ ಹಿಡಿದೋರ ಮಾತು ಯಾರು ಕೇಳ್ತಾರೆ? ಗಂಜಿ ಕುಡಿಸಿ ಬಾಯಿ ಒರೆಸ್ತಾರೆ ಅಷ್ಟೇ" ಎಂದು ಕುರ್ಚಿಯಲ್ಲೇ ಕೂತಳು. ಆದರೆ ಈಗ ಅವಳಿಗೆ ಕಾಣುತ್ತಿದ್ದುದು ಜನರ ಕಾಲು ಮಾತ್ರ. ಕೈ ನೋಡಿ ಜಾತಕ ಹೇಳುತ್ತಿದ್ದವಳಿಗೆ ಕಾಲಿನ ವಿದ್ಯೆ ಹತ್ತಲಿಲ್ಲ. ನನ್ನ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿದ್ದ ಚಿಕ್ಕಮ್ಮನನ್ನು "ಏ ಕತ್ತೆ, ಗಡ್ಡ ಬೋಳಿಸ್ಕೋ" ಎಂದು ಗದರಿದಳು. ಚಿಕ್ಕಮ್ಮ ಬಿದ್ದು ಬಿದ್ದು ನಕ್ಕಳು. ಅದೇ ತಪ್ಪಾಯಿತು. ಅವತ್ತಿನಿಂದ ದೊಡ್ಡಮ್ಮ ಬಾಯಿಗೆ ಬೀಗ ಹಾಕಿದಳು.

ಮನೆ ಮಸಣವಾಯಿತು. ಬಂದವರೆಲ್ಲ ಅವಳ ನೆತ್ತಿಯ ಮೇಲಿಂದಲೇ ಮಾತಾಡತೊಡಗಿದರು. ಪಕ್ಕದ ಮನೆಯಾಕೆ ಅವಳೆದುರೇ ನಿಂತು, "ಇವರಿಗೆ ಊಟ ಆಯ್ತಾ? ಕಿವಿ ಕೇಳುತ್ತಾ?" ಎಂದು ಚಿಕ್ಕಮ್ಮನನ್ನು ಕೇಳಿದಳು.

"ಅವಳನ್ನೇ ಕೇಳ್ರೀ. ಅವಳೇನು ಕುರ್ಚಿ ಜೊತೆ ಬಂದಿರೋ ಸಾಮಾನಾ?" ಎಂದು ಚಿಕ್ಕಮ್ಮ ಉರಿದುಬಿದ್ದಳು. ಬಾಗಿಲು ಹಾಕಿ ಬಂದವಳು ನನ್ನೆದುರು ಕೂತು, "ಈ ಮೌನ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ ಕಣೋ" ಎಂದಳು. ಅಷ್ಟು ವರ್ಷ ಯಾವುದು ಬೇಕೆಂದು ಹರಕೆ ಹೊತ್ತಿದ್ದಳೋ ಅದೇ ಸಿಕ್ಕಿತ್ತು, ಮತ್ತು ಅವಳಿಗೆ ಅಳು ಬರುತ್ತಿತ್ತು.

ಮರುದಿನ ರಿಪೇರಿಗೆ ಬಂದಿದ್ದ ವಕೀಲರ ಸೋಫಾ ಮೂಲೆಗೆ ತಳ್ಳಿ ದೊಡ್ಡಮ್ಮನ ಕುರ್ಚಿಗೊಂದು ತಲೆದಿಂಬು ಮಾಡಲು ಕೂತಳು. ನನ್ನ ಹಳೆ ಸೈಕಲ್ಲಿನ ಕ್ಯಾರಿಯರ್ ಕಿತ್ತು (ನನ್ನನ್ನು ಕೇಳಲಿಲ್ಲ) ಅದರ ಕಂಬಿ ಬಗ್ಗಿಸಿ ಎರಡು ಕೊಕ್ಕೆ ಮಾಡಿದಳು. ಒಂದು ಹಲಗೆ, ಅದರ ಎರಡು ಬದಿಗೆ ತಲೆ ಅತ್ತಿತ್ತ ಜಾರದಂತೆ ಕಿವಿಗಳು, ಮೇಲೆ ಮೆತ್ತೆ, ಹಣೆಗೆ ಒಂದು ಅಗಲವಾದ ಪಟ್ಟಿ. ಕೊಕ್ಕೆಗಳನ್ನು ಯಾವ ಕುರ್ಚಿಯ ಬೆನ್ನಿಗೆ ಬೇಕಾದರೂ ಸಿಕ್ಕಿಸಬಹುದು, ಬೇಡವಾದಾಗ ಕಳಚಬಹುದು. "ಮೂರು ಕುರ್ಚಿಗೆ ಮೂರು ಮಾಡಿದ್ರೆ ಅವಳ ಕೊಬ್ಬು ಹೆಚ್ಚಾಗುತ್ತೆ. ಒಂದೇ ಸಾಕು, ನೀನು ಹೊತ್ಕೊಂಡು ತಿರುಗು" ಎಂದು ನನಗೆ ಕೆಲಸ ಹಚ್ಚಿದಳು. ಬಡಕಲು ಕುರ್ಚಿಯ ಮೇಲೆ ಅದು ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ ಕೂತಿತು. ದೊಡ್ಡಮ್ಮನ ತಲೆ ಎತ್ತಿ ಒಳಗಿಟ್ಟು ಪಟ್ಟಿ ಬಿಗಿದೆವು. ಎಷ್ಟೋ ದಿನದ ಮೇಲೆ ನಮ್ಮ ಮುಖ ನೋಡಿದಳು. ಮೊದಲು ಚಿಕ್ಕಮ್ಮನನ್ನು, ಆಮೇಲೆ ನನ್ನನ್ನು, ಆಮೇಲೆ ಗೋಡೆಯ ಜೇಡರ ಬಲೆಯನ್ನು. ಈಗ ಬಾಯಿ ಬಿಡುತ್ತಾಳೆ ಎಂದು ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು.

ಕಣ್ಣು ಮುಚ್ಚಿ ಗೊರಕೆ ಹೊಡೆದಳು.

ಮಾರನೇ ದಿನವೂ ಅದೇ, ಅದರ ಮಾರನೇ ದಿನವೂ ಅದೇ. ಮೂರು ಕುರ್ಚಿಯಲ್ಲೂ ಸಮನಾಗಿ ನಿದ್ದೆ. ಪಕ್ಕದ ಮನೆಯಾಕೆ ಬಂದು, "ಎಂಥ ನೆಮ್ಮದಿ ಮಾಡಿಕೊಟ್ರಿ! ನಿಮ್ಮ ಕೈಗೆ ಬಂಗಾರದ ಬಳೆ ತೊಡಿಸಬೇಕು" ಎಂದು ಹೊಗಳಿದಳು. ಚಿಕ್ಕಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎಷ್ಟಾದರೂ ಕುರ್ಚಿಯವಳಲ್ಲವೇ, ಕೂತವರಿಗೆ ಹಾಯೆನಿಸಬೇಕು ಅನ್ನುವುದು ಅವಳ ಕೈಗೇ ಹತ್ತಿದ ಚಾಳಿ. ಯೋಚನೆ ಮಾಡದೆ ಒಳ್ಳೆಯ ಹತ್ತಿ ತುಂಬಿದ್ದಳು.

"ಮಾಡಿದ್ದುಣ್ಣೋ ಮಹಾರಾಯ" ಎಂದೆ ನಾನು.

"ಬಾಯ್ಮುಚ್ಚು. ಇದಕ್ಕೆ ನಿದ್ದೆ ಬರೋ ಹತ್ತಿ ಅಲ್ಲ, ಬೈಗುಳ ಬರೋ ನಾರು ಬೇಕು." ಹೊಲಿಗೆ ಬಿಚ್ಚಿ ಹತ್ತಿಯನ್ನೆಲ್ಲ ಕಿತ್ತೆಸೆದು, ಸೋಫಾದ ತಳಕ್ಕೆ ಹಾಕುವ ಒರಟು ನಾರನ್ನು ಗಟ್ಟಿಯಾಗಿ ತುರುಕಿದಳು. ತಲೆಗೆ ಆಸರೆ ಇರಬೇಕು, ಸುಖ ಇರಬಾರದು. ಮೇಲಿಂದ ಮೇಲೆ ತಾನೇ ತಲೆ ಇಟ್ಟು ನೋಡಿದಳು. ಸಿಟ್ಟು ಬರುವಷ್ಟು ಚುಚ್ಚುತ್ತದೆ ಎಂದು ಖಾತ್ರಿಯಾದ ಮೇಲೆ ಹೊಲಿದು ಮುಗಿಸಿದಳು.

ಮಧ್ಯಾಹ್ನ ಕಾರ್ಖಾನೆಯ ಕುರ್ಚಿಯಲ್ಲಿ ಕೂರಿಸಿ ದಿಂಬು ಸಿಕ್ಕಿಸುವ ಮೊದಲು, ಅದನ್ನು ಕೈಗೆ ಕೊಡು ಎಂದು ದೊಡ್ಡಮ್ಮ ಸನ್ನೆ ಮಾಡಿದಳು. ತೊಡೆಯ ಮೇಲಿಟ್ಟುಕೊಂಡು ಅಂಚಿನುದ್ದಕ್ಕೂ ಬೆರಳಾಡಿಸಿದಳು. ಆಮೇಲೆ ತಲೆ ಇಟ್ಟು ಪಟ್ಟಿ ಬಿಗಿಸಿಕೊಂಡಳು. ಚಿಕ್ಕಮ್ಮ ಏನೂ ಆಗದವಳಂತೆ ವಕೀಲರ ಸೋಫಾದ ಮುಂದೆ ಕೂತು ಮೊಳೆಗಳನ್ನು ಬಾಯಿಗೆ ಸುರಿದುಕೊಂಡಳು.

"ಎಡಗಡೆ ಹೊಲಿಗೆ ಸೊಟ್ಟಗಿದೆ" ಎಂದಳು ದೊಡ್ಡಮ್ಮ.

ಚಿಕ್ಕಮ್ಮನ ಸುತ್ತಿಗೆ ನಿಂತಿತು. ತಿರುಗಿ ನನ್ನ ಕಡೆ ನೋಡಿದಳು. ಬಾಯಿ ತುಂಬ ಮೊಳೆ, ಕಣ್ಣು ತುಂಬ ನೀರು. ಮರುಕ್ಷಣ ಸೋಫಾವನ್ನು ಕೊಲ್ಲುವವಳಂತೆ ಮೊಳೆ ಹೊಡೆಯತೊಡಗಿದಳು.

ಅಲ್ಲಿಂದ ಆ ಹೊಲಿಗೆಯೇ ಮನೆಯ ಮಹಾಯುದ್ಧವಾಯಿತು. ಬೇರೆ ಬೈಗುಳಗಳೂ ಇದ್ದವು, ಬೀದಿಯವರಿಗೂ ಪಾತ್ರೆಗಳಿಗೂ ಅವರವರ ಪಾಲು ಮತ್ತೆ ಸಿಕ್ಕಿತು. ಆದರೆ ಮಧ್ಯಾಹ್ನದ ಬೈಗುಳ ಕೊನೆಗೆ ಬಂದು ನಿಲ್ಲುತ್ತಿದ್ದುದು ಎಡಗಡೆಯ ಹೊಲಿಗೆಗೇ. ಈಗ ಎದ್ದು ಒಳಗೆ ಹೋಗಲು ದೊಡ್ಡಮ್ಮನಿಗೆ ಆಗುತ್ತಿರಲಿಲ್ಲವಲ್ಲ, ಅದಕ್ಕೊಂದು ಉಪಾಯ ಕಂಡುಕೊಂಡಳು. ಚಿಕ್ಕಮ್ಮನ ಬಾಯಿ ಖಾಲಿಯಾಗುತ್ತಿದ್ದಂತೆ ಕಣ್ಣು ಮುಚ್ಚಿ ಗೊರಕೆಯ ನಾಟಕ ಹೂಡುತ್ತಿದ್ದಳು. ಒಂದು ದಿನ ಚಿಕ್ಕಮ್ಮ ನನ್ನ ಕೈಗೆ ಅಳತೆಪಟ್ಟಿ ಕೊಟ್ಟು, "ನೋಡಿ ಹೇಳೋ, ಸೊಟ್ಟ ಇದೆಯಾ?" ಎಂದು ನ್ಯಾಯಕ್ಕೆ ಕರೆದಳು. ನೋಡಿದೆ. ದಾರ ಹಿಡಿದು ಗೆರೆ ಎಳೆದ ಹಾಗೆ ನೇರವಾಗಿತ್ತು. ಗೊರಕೆ ಹೊಡೆಯುತ್ತಿದ್ದ ದೊಡ್ಡಮ್ಮ ಒಂದು ಕಣ್ಣು ತೆರೆದು ನನ್ನನ್ನೇ ನೋಡಿದಳು. ನನಗೆ ಕಣ್ಣು ಸರಿಯಾಗಿ ಕಾಣಲ್ಲ ಅಂದುಬಿಟ್ಟೆ. ಆ ಮನೆಯಲ್ಲಿ ನನಗೂ ಎರಡು ಹೊತ್ತು ಊಟ ಬೇಕಿತ್ತು.

ಹೀಗೇ ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ದೊಡ್ಡಮ್ಮ ಸೊರಗತೊಡಗಿದಳು, ಬೈಗುಳ ಚಿಕ್ಕದಾಗತೊಡಗಿತು. ಒಂದು ಮಧ್ಯಾಹ್ನ ಚಿಕ್ಕಮ್ಮ ಆರಾಮಕುರ್ಚಿಯೊಂದಕ್ಕೆ ಬಟ್ಟೆ ಎಳೆಯುತ್ತಿದ್ದಳು. ನಾನು ಬಾಗಿಲ ಬಳಿ ಪೇಪರು ಓದುತ್ತಿದ್ದೆ. ಮೊಳೆ ಬಾಯಿಗೆ ಹೋಯಿತು. ದೊಡ್ಡಮ್ಮ ಕಾದಿದ್ದವಳು, ಮೆಲ್ಲಗೆ, "ಎಡಗಡೆ ಸೊಟ್ಟ" ಎಂದಳು.

ಅವತ್ತು ಚಿಕ್ಕಮ್ಮನಿಗೆ ಏನನ್ನಿಸಿತೋ. ಮೊಳೆಗಳನ್ನೆಲ್ಲ ಅಂಗೈಗೆ ಉಗಿದು, ಕೆಲಸದ ಮೇಲಿಂದ ತಲೆ ಎತ್ತದೆಯೇ, ವರ್ಷಗಟ್ಟಲೆ ಕೂಡಿಟ್ಟದ್ದನ್ನು ಒಂದೇ ಉಸಿರಿಗೆ ಸುರಿದಳು. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ! ಸೊಟ್ಟಗಿರೋದು ನಿನ್ನ ಕತ್ತು ಅಕ್ಕಾ, ನನ್ನ ಹೊಲಿಗೆ ಅಲ್ಲ. ಆ ಕತ್ತನ್ನ ನೆಟ್ಟಗೆ ನಿಲ್ಲಿಸಿದ್ದು ಇದೇ ಹೊಲಿಗೆ. ಒಂದು ದಿನಕ್ಕಾದ್ರೂ ಚೆನ್ನಾಗಿದೆ ಅಂದಿದ್ದೀಯಾ? ಅಂದ್ರೆ ನಿನ್ನ ಗಂಟೇನು ಹೋಗ್ತಿತ್ತು? ಈಗ ಹೇಳು, ಏನು ಹೇಳ್ತೀಯಾ?"

ದೊಡ್ಡಮ್ಮ ಏನೂ ಹೇಳಲಿಲ್ಲ.

ಚಿಕ್ಕಮ್ಮ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಗೆದ್ದಿದ್ದಳು. ಮೊಳೆಗಳನ್ನು ಮತ್ತೆ ಬಾಯಿಗೆ ಹಾಕಿಕೊಂಡು ಒಂದೆರಡು ಹೊಡೆದಳು. ಆಮೇಲೆ ನಿಲ್ಲಿಸಿದಳು. ಬಾಯಲ್ಲಿ ಮೊಳೆ ಇದ್ದರೂ ಕುರ್ಚಿಯ ಕಡೆಯಿಂದ ಮಾತು ಬರಲಿಲ್ಲ, ಗೊರಕೆಯೂ ಬರಲಿಲ್ಲ. ನನಗಿಂತ ಮೊದಲು ಅವಳಿಗೆ ತಿಳಿಯಿತು. ದೊಡ್ಡಮ್ಮನ ತಲೆ ದಿಂಬಿನಲ್ಲಿ ನೆಟ್ಟಗಿತ್ತು, ಅರೆತೆರೆದ ಕಣ್ಣು ಚಿಕ್ಕಮ್ಮನ ಬೆನ್ನಿನ ಕಡೆಗೇ ಇತ್ತು.

"ಅಕ್ಕಾ" ಎಂದಳು. ಮೊಳೆಗಳು ನೆಲಕ್ಕೆ ಚೆಲ್ಲಿದವು. "ಏನಾದ್ರೂ ಅನ್ನು ಅಕ್ಕಾ."

ಜನ ಸೇರಿದರು. ಪಕ್ಕದ ಮನೆಯಾಕೆ ಕಣ್ಣೊರೆಸಿಕೊಂಡು, "ಎಷ್ಟು ಸಮಾಧಾನವಾಗಿ ಕೂತಿದ್ದಾರೆ ನೋಡಿ" ಎಂದಳು. "ಸಮಾಧಾನ ಅಲ್ರೀ, ಅದು ನಾರು" ಎಂದಳು ಚಿಕ್ಕಮ್ಮ. ಎತ್ತಲು ಬಂದವರಲ್ಲಿ ಒಬ್ಬ ಪಟ್ಟಿ ಸಡಿಲಿಸಿ ದಿಂಬು ಕಳಚಿದ. ತಲೆ ಎದೆಗೆ ಬಿತ್ತು. ಚಿಕ್ಕಮ್ಮ ಅವನ ಕೈಯಿಂದ ಅದನ್ನು ಕಿತ್ತುಕೊಂಡು ಮತ್ತೆ ಸಿಕ್ಕಿಸಿ ಪಟ್ಟಿ ಬಿಗಿದಳು. "ನೆಲ ನೋಡ್ಕೊಂಡು ಹೋಗೋಳಲ್ಲ ಅವಳು. ಕುರ್ಚಿ ಸಮೇತ ಎತ್ತಿ" ಎಂದಳು. ಹಾಗೆ ದೊಡ್ಡಮ್ಮ ತಲೆ ಎತ್ತಿಕೊಂಡೇ ಬೀದಿಯವರನ್ನೆಲ್ಲ ನೋಡುತ್ತ ಬಾಗಿಲು ದಾಟಿದಳು. ದಿಂಬು ಆಮೇಲೆ ಮನೆಗೆ ವಾಪಸು ಬಂತು.

ಈಗ ಅದು ಕಾರ್ಖಾನೆಯ ಗೋಡೆಯ ಮೇಲೆ ತೂಗುತ್ತಿದೆ. ಮೊನ್ನೆ ಬ್ಯಾಂಕಿನ ಮ್ಯಾನೇಜರೊಬ್ಬರು ತಮ್ಮ ಕುರ್ಚಿ ರಿಪೇರಿಗೆ ತಂದವರು ಅದನ್ನು ಕಂಡು, ಕೆಳಗಿಳಿಸಿ, ತಮ್ಮ ಕುರ್ಚಿಗೆ ಸಿಕ್ಕಿಸಿ, ತಲೆ ಇಟ್ಟು ನೋಡಿದರು. ಕತ್ತುನೋವಿನ ಗಿರಾಕಿ ಅವರು.

"ಅಮ್ಮಾ, ಇದು ಬಹಳ ಚೆನ್ನಾಗಿದೆ. ನನಗೆ ಕೊಡಿ, ಎಷ್ಟಾದರೂ ಸರಿ" ಎಂದರು.

ಚಿಕ್ಕಮ್ಮ ಕೆಲಸ ಬಿಟ್ಟು ಎದ್ದು ಬಂದಳು. ದಿಂಬನ್ನು ಕಳಚಿ, ಅಂಚಿನುದ್ದಕ್ಕೂ ಒಮ್ಮೆ ಬೆರಳಾಡಿಸಿ, ಗೋಡೆಗೆ ಹಾಕಿದಳು.

"ಇಲ್ಲ ಸಾರ್, ಅದನ್ನ ಕೊಡೋಕಾಗಲ್ಲ" ಎಂದಳು. "ಎಡಗಡೆ ಹೊಲಿಗೆ ಸೊಟ್ಟಗಿದೆ."

ಅವರು ಇನ್ನೇನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಒಂದು ಹಿಡಿ ಮೊಳೆ ಬಾಯಿಗೆ ಸುರಿದುಕೊಂಡು ಕೂತಳು.