ಕಂಪೈಲ್ ಎಂದರೆ ಲೂಟಿಯಂತೆ

ಗೆಳೆಯರೇ, ಇವತ್ತು ನನಗೆ ಕಳ್ಳನ ಪಟ್ಟ ಸಿಕ್ಕಿತು. ಅಹಮದಾಬಾದಿನ ನಮ್ಮ ಸಂಶೋಧನಾಲಯದಲ್ಲಿ ಕಂಪ್ಯೂಟರ್ ಇಲ್ಲ. ಪ್ರೋಗ್ರಾಮನ್ನು ತೂತು ಹೊಡೆದ ಕಾರ್ಡುಗಳಲ್ಲಿ ಜೋಡಿಸಿ ರೈಲಿನಲ್ಲಿ ಮುಂಬಯಿಗೆ ಒಯ್ಯಬೇಕು. ಗೇಟ್ ಪಾಸಿನಲ್ಲಿ ‘ಕಂಪೈಲ್ ಮಾಡಲು’ ಎಂದು ಕಾರಣ ಬರೆದೆ. ಸೂಪರಿಂಟೆಂಡೆಂಟ್ ದೇಸಾಯಿಯವರು, ಧಾರವಾಡದವರು, ಲ್ಯಾಟಿನ್ ನಿಘಂಟನ್ನೇ ತೆಗೆದರು.

“ಮೂಲ ಪದ ಕಂಪಿಲೋ, ಕಂಪಿಲಾರೆ, ಕಂಪಿಲಾವಿ. ಲೂಟಿ ಹೊಡಿಯೂದು ಅಂತ ಅದ ಇಲ್ಲಿ! ಏನ್ ಒಯ್ಯಲಿಕ್ಹತ್ತೀರಿ, ಖರೇ ಹೇಳ್ರಿ.”

“ಅದು ಹಳೇ ಅರ್ಥ ಸಾರ್. ಈಗ ಯಂತ್ರದ ಭಾಷೆಗೆ ತಿರುಗಿಸೋದು, ಅಷ್ಟೇ.”

ನಂಬಲಿಲ್ಲ. ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದು, ಒಂದೊಂದೇ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಕೈಗೆ ಬಂದಂತೆ ಮತ್ತೆ ತುಂಬಿದರು. “ಎಲ್ಲಾ ಬರೋಬ್ಬರಿ ಅದ, ಹೋಗ್ರಿ” ಎಂದರು.

ಕಾರ್ಡುಗಳ ಅನುಕ್ರಮವೇ ಪ್ರೋಗ್ರಾಮು. ನಿಘಂಟು ಹೇಳಿದ್ದು ನಿಜ, ಲೂಟಿ ಆಯಿತು. ಕೈ ಮಾತ್ರ ನನ್ನದಲ್ಲ.